ನಿತ್ಯಜೀವವೆಂದರೆ ಏನು?

ನಮ್ಮ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಶವಸಂಸ್ಕಾರಕ್ಕೆ ಹೋಗುವುದನ್ನು ‘ಮಣ್ಣಿಗೆ ಹೋಗುವುದು’ ಎಂದು ಕರೆಯುವ ವಾಡಿಕೆಯುಂಟು. ಮದುವೆ ಮುಂಜಿಗಳಿಗೆ ಕರೆ ಬಂದರೆ ಮಾತ್ರ ಹೋಗುತ್ತೇವೆ; ಮಣ್ಣಿಗೆ ಮಾತ್ರ ಯಾರೂ ಕರೆಯಬೇಕಾದುದಿಲ್ಲ. ಸುದ್ದಿಯು ಕಿವಿಗೆ ಬಿದ್ದೊಡನೆ, ಕೈಯಲ್ಲಿಯ ಕೆಲಸವನ್ನು ಅಲ್ಲಿಯೇ ಬಿಟ್ಟು, ಜಾತಿ ಮತಗಳ ಎಣಿಕೆಯಿಲ್ಲದೆ ಊರಿನವರು ಕೂಡುತ್ತಾರೆ. ಒಂದು ಹಿಡಿ ಮಣ್ಣು ಹಾಕಿ ಬಂದರೇನೇ ತೀರಿಕೊಂಡವರ ಋಣವು ತೀರಿತೆಂದು ನಮ್ಮ ಜನರ ಭಾವನೆ.

ಕೆಲವು ತಿಂಗಳುಗಳ ಹಿಂದೆ ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೀಗೆ ಮಣ್ಣಿಗೆ ಹೋಗುವ ಪ್ರಸಂಗವು ನನಗೆ ಒದಗಿತು. ತೀರಿಕೊಂಡವರು ಒಬ್ಬ ಕ್ರೈಸ್ತ ಗೃಹಸ್ಥರು. ಬಹುಕಾಲ ದವಾಖಾನೆಯಲ್ಲಿ ಕಂಪೌಂಡರರಾಗಿದ್ದು, ಅರ್ಧ ಊರಿನ ಗಾಯಗಳನ್ನು ತಮ್ಮ ಕೈಯಿಂದಲೇ ತೊಳೆದು ಕಟ್ಟಿದವರು. ರಾತ್ರಿ ಯಾವ ಹೊತ್ತಿನಲ್ಲಿ ಬಾಗಿಲು ಬಡಿದರೂ ಬೇಸರಿಸದೆ ಎದ್ದು ಬರುತ್ತಿದ್ದರು. ಆದುದರಿಂದ ಅವರ ಮಣ್ಣಿಗೆ ಊರಿಗೆ ಊರೇ ನೆರೆದಿದ್ದಿತು. ಸಭಾಪಾಲಕರು ಕುಣಿಯ ಬದಿಯಲ್ಲಿ ನಿಂತು ತಮ್ಮ ಶಾಸ್ತ್ರವನ್ನು ಓದಿ ಪ್ರಾರ್ಥಿಸಿದರು. ‘ನಿತ್ಯಜೀವ’ ಎಂಬ ಮಾತು ಅವರ ಬಾಯಿಂದ ಮೇಲಿಂದ ಮೇಲೆ ಕೇಳಿಬಂದಿತು. ಆ ಹೊತ್ತಿನಲ್ಲಿಯೇ ತೀರಿಕೊಂಡವರ ಮಡದಿಯು ದುಃಖವನ್ನು ತಡೆಯಲಾರದೆ ಗಟ್ಟಿಯಾಗಿ ಅತ್ತಳು.

ತಿರುಗಿ ಬರುವಾಗ ನನ್ನ ಜೊತೆಯಲ್ಲಿ ಅದೇ ಊರಿನ ಒಬ್ಬ ಹಿರಿಯ ಒಕ್ಕಲಿಗರಿದ್ದರು. ಸ್ವಲ್ಪ ದೂರ ಸುಮ್ಮನೆ ನಡೆದು ಬಂದು ಅವರು ಕೇಳಿದರು: “ಮಾಸ್ತರ್ರ, ಆ ಪಾದ್ರಿಯವರು ನಿತ್ಯಜೀವ ನಿತ್ಯಜೀವ ಅಂತ ಓದಿದ್ರಲ್ಲಾ, ಹಂಗಂದ್ರ ಏನ್ರಿ? ಸತ್ತಾಂವ ಸತ್ತಿಲ್ಲ ಅಂದಮ್ಯಾಲ ಆ ತಾಯಿ ಯಾಕ ಅಷ್ಟ ಅಳಾಕತ್ತಿದ್ಲು?”

ನಾನು ಏನೋ ಒಂದು ಉತ್ತರವನ್ನು ಕೊಡುವಷ್ಟರಲ್ಲಿ ಅವರೇ ತಗ್ಗಿದ ದನಿಯಲ್ಲಿ ಅಂದರು: “ನಮ್ಮ ಹುಡುಗ ಹೋಗಿ ವರ್ಷಾತು. ಎಲ್ಲಾರೂ ಒಂದೊಂದ ಮಾತ ಹೇಳ್ತಾರ. ಯಾವದನ್ನ ಹಿಡೀಬೇಕ್ರಿ ನಾವು?”

ಹಿಂದಿನ ವರ್ಷ ಅವರ ಮೊಮ್ಮಗನು ಜ್ವರದಿಂದ ತೀರಿಕೊಂಡಿದ್ದನೆಂಬುದು ನನಗೆ ಆಗ ನೆನಪಾಯಿತು. ಅವರ ಪ್ರಶ್ನೆಯು ಕೇವಲ ಕುತೂಹಲದ್ದಾಗಿರಲಿಲ್ಲ. ನಾನು ಆ ದಿವಸ ಉತ್ತರ ಕೊಡಲಿಲ್ಲ. ವಿಚಾರ ಮಾಡಿ ಹೇಳುತ್ತೇನೆಂದು ಮಾತು ಕೊಟ್ಟು ಬಂದೆನು. ಆ ಮೇಲೆ ಓದಿದ್ದನ್ನೂ ತಿಳಿದವರನ್ನು ಕೇಳಿ ಅರಿತುಕೊಂಡದ್ದನ್ನೂ ಈಗ ವಾಚಕರ ಮುಂದೆ ಇಡುತ್ತಿದ್ದೇನೆ. ಯಾರ ಮತವನ್ನೂ ಹೊಗಳುವುದಾಗಲಿ ಹಳಿಯುವುದಾಗಲಿ ಇಲ್ಲಿಯ ಉದ್ದೇಶವಲ್ಲ. ನೆರೆಮನೆಯವನು ತನ್ನ ದುಃಖದ ವೇಳೆಯಲ್ಲಿ ಯಾವ ಮಾತನ್ನು ಹಿಡಿದುಕೊಂಡು ನಿಲ್ಲುತ್ತಾನೆಂಬುದನ್ನು ತಿಳಿದುಕೊಳ್ಳುವುದು ಗೃಹಸ್ಥನಾದವನ ಧರ್ಮವೇ ಸರಿ.

ಈ ಮಾತು ನಮ್ಮ ಸೀಮೆಗೆ ಬಂದ ಬಗೆ

‘ನಿತ್ಯ’ವೂ ‘ಜೀವ’ವೂ ನಮ್ಮಲ್ಲಿ ಹಿಂದಿನಿಂದ ಬಳಕೆಯಲ್ಲಿದ್ದ ಶಬ್ದಗಳೇ. ಆದರೆ ಇವೆರಡನ್ನು ಜೋಡಿಸಿ ಒಂದು ವಿಶೇಷಾರ್ಥದಲ್ಲಿ ಹಳ್ಳಿ ಹಳ್ಳಿಗೂ ಮುಟ್ಟಿಸಿದುದು ಕನ್ನಡ ಬೈಬಲ್ಲು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಕನ್ನಡ ಕಲಿತು ಅನುವಾದವನ್ನು ಕೈಕೊಂಡರು. 1830ರ ದಶಕದ ಮೊದಲ ಭಾಗದಲ್ಲಿ ಸಂಪೂರ್ಣ ಗ್ರಂಥವು ಕನ್ನಡಿಗರ ಕೈಸೇರಿತು. ಅದೇ ಕಾಲಕ್ಕೆ, 1834ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ನಿನವರು ಮಂಗಳೂರಿನಲ್ಲಿ ಇಳಿದರು. ಅವರು ಘಟ್ಟವನ್ನೇರಿ 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಗದಗಿನ ಬಳಿಯ ಬೆಟಗೇರಿಯಲ್ಲಿಯೂ ನೆಲೆಗಳನ್ನು ಮಾಡಿಕೊಂಡರು. ಅಲ್ಲಿಂದ ಸುತ್ತಲಿನ ಸಂತೆಗಳಿಗೂ ಜಾತ್ರೆಗಳಿಗೂ ಹೋಗಿ ಬೋಧಿಸುವುದು ಅವರ ಕ್ರಮವಾಗಿದ್ದಿತು. 1853ರಲ್ಲಿ ಧಾರವಾಡಕ್ಕೆ ಬಂದ ಫರ್ಡಿನಂಡ್ ಕಿಟ್ಟೆಲರು 1894ರಲ್ಲಿ ಪ್ರಕಟಿಸಿದ ಮಹಾನಿಘಂಟುವಿನ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಆದರೆ ಅದೇ ಕಿಟ್ಟೆಲರು 1862ರಲ್ಲಿ ಕ್ರಿಸ್ತಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂಬ ಹೆಸರಿನಿಂದ ಬರೆದರೆಂಬುದನ್ನು ಕೆಲವರೇ ಬಲ್ಲರು.

ಈ ಬೋಧನೆಯನ್ನು ಕೇಳಿದ ನಮ್ಮವರು ಅದನ್ನು ತಮ್ಮ ತಮ್ಮ ನಿರೀಕ್ಷೆಗೆ ತಕ್ಕಂತೆ ತಿಳಿದುಕೊಂಡರು. ಇದಕ್ಕೆ ಒಂದು ನಿದರ್ಶನವುಂಟು. ಆ ಕಾಲದಲ್ಲಿ ಈ ಸೀಮೆಯಲ್ಲಿ ಕಾಲಜ್ಞಾನದ ಗ್ರಂಥಗಳನ್ನು ನಂಬಿದ ಒಂದು ಪಂಗಡವಿದ್ದಿತು. ಮುಂದೆ ಒಬ್ಬ ಮಹಾಪುರುಷನು ಬಂದು ಲೋಕವನ್ನು ನೆಟ್ಟಗೆ ಮಾಡುವನೆಂಬುದು ಅವರ ನಂಬಿಕೆ. ಪಾದ್ರಿಗಳ ಬೋಧನೆಯಲ್ಲಿ ಅವರಿಗೆ ತಮ್ಮ ಗ್ರಂಥದ ಮಾತೇ ಕೇಳಿಸಿತು. ಬಹು ಜನರು ಬಂದು ಸೇರುವರೆಂಬ ಭರವಸೆಯಿಂದ ಮಿಷನ್ನಿನವರು ಗದಗಿನ ಹತ್ತಿರದ ಮಲಸಮುದ್ರದಲ್ಲಿ ಒಂದು ಒಕ್ಕಲುತನದ ವಸತಿಯನ್ನೇ ಸ್ಥಾಪಿಸಿದರು. ಆದರೆ ಬಂದು ನೆಲೆಸಿದವರು ತೀರ ಸ್ವಲ್ಪ. ಆ ಪ್ರಯತ್ನವು ಕೈಗೂಡಲಿಲ್ಲ. ಒಂದೇ ಮಾತನ್ನು ಹೇಳಿದವರ ಮನಸ್ಸಿನಲ್ಲಿ ಒಂದು ಅರ್ಥವೂ ಕೇಳಿದವರ ಮನಸ್ಸಿನಲ್ಲಿ ಇನ್ನೊಂದು ಅರ್ಥವೂ ಇದ್ದರೆ ಆಗುವ ಪರಿಣಾಮವಿದು. ಆದುದರಿಂದ ಮೊದಲು ಮಾತಿನ ಅರ್ಥವನ್ನೇ ನೋಡೋಣ.

ಶಬ್ದಾರ್ಥ

ಕ್ರೈಸ್ತರ ಹೊಸ ಒಡಂಬಡಿಕೆಯು ಮೊದಲು ಬರೆಯಲ್ಪಟ್ಟುದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ‘ನಿತ್ಯಜೀವ’ಕ್ಕೆ ‘ಜೋಯೇ ಅಯೋನಿಯೋಸ್’ ಎಂಬ ಮಾತಿದೆ. ಗ್ರೀಕರಲ್ಲಿ ಬದುಕಿಗೆ ಒಂದೇ ಶಬ್ದವಿಲ್ಲ. ಹುಟ್ಟಿದಂದಿನಿಂದ ಸಾಯುವವರೆಗಿನ ಬಾಳುವೆಗೆ, ಅದರ ಸಂಪಾದನೆ ಖರ್ಚುಗಳಿಗೆ ‘ಬಿಯೋಸ್’ ಎನ್ನುವರು. ‘ಜೋಯೇ’ ಎಂದರೆ ಉಸಿರಾಡುವ, ಮಿಡಿಯುವ ಜೀವವೇ. ಇನ್ನು ‘ಅಯೋನಿಯೋಸ್’ ಎಂಬುದು ‘ಯುಗ’ವೆಂಬ ಅರ್ಥದ ಶಬ್ದದಿಂದ ಹುಟ್ಟಿದುದು. ಯೆಹೂದ್ಯರು ಕಾಲವನ್ನು ಎರಡಾಗಿ ಎಣಿಸುತ್ತಿದ್ದರು: ಅನ್ಯಾಯವೂ ಮರಣವೂ ತುಂಬಿದ ಈಗಿನ ಯುಗ ಒಂದು, ದೇವರ ನ್ಯಾಯವು ನೆಲೆಗೊಳ್ಳುವ ಬರಲಿರುವ ಯುಗ ಇನ್ನೊಂದು. ಹೀಗಾಗಿ ‘ನಿತ್ಯಜೀವ’ವೆಂದರೆ ಮೊದಲನೆಯದಾಗಿ ಬರಲಿರುವ ಯುಗದ ಜೀವವು. ಅದಕ್ಕೆ ಕೊನೆಯಿಲ್ಲವೆಂಬುದು ನಿಜ. ಆದರೆ ಕೊನೆಯಿಲ್ಲದಿರುವುದು ಅದರ ಮುಖ್ಯ ಲಕ್ಷಣವಲ್ಲ. ಅದು ಎಂತಹ ಜೀವವೆಂಬುದೇ ಮುಖ್ಯ.

ಇದನ್ನು ನಮ್ಮ ಮನೆಯ ಮಾತಿನಿಂದಲೇ ತಿಳಿಯಬಹುದು. ನೂರು ವರ್ಷ ಬದುಕಿದವನೊಬ್ಬನು ಯಾರಿಗೂ ಬೇಡವಾಗಿ, ಯಾರನ್ನೂ ಪ್ರೀತಿಸದೆ, ಮೂಲೆಯಲ್ಲಿ ಬಿದ್ದುಕೊಂಡಿದ್ದರೆ ಅವನ ಬಾಳನ್ನು ಯಾರೂ ಬಯಸುವುದಿಲ್ಲ. ಅದನ್ನು ಸಾವಿರ ವರ್ಷಕ್ಕೆ ಬೆಳೆಸಿದರೆ ಅದು ವರವಲ್ಲ, ಶಾಪವೇ. ಕ್ರೈಸ್ತರು ಹೇಳುವ ನಿತ್ಯಜೀವವು ಹೀಗೆ ಉದ್ದಕ್ಕೆ ಎಳೆದ ಆಯುಷ್ಯವಲ್ಲ.

ನಮ್ಮ ಸೀಮೆಯ ಆಡುಮಾತಿನಲ್ಲಿ ‘ಜೀವ’ಕ್ಕೆ ಪ್ರಾಣವೆಂಬ ಅರ್ಥವಿರುವಂತೆ ಪ್ರೀತಿಯೆಂಬ ಅರ್ಥವೂ ಉಂಟಷ್ಟೆ. ‘ಅಜ್ಜಿಗೆ ಮೊಮ್ಮಗನ ಮೇಲೆ ಬಹಳ ಜೀವ’ ಎನ್ನುತ್ತೇವೆ. ಒಬ್ಬರ ಜೀವವು ಮತ್ತೊಬ್ಬರ ಮೇಲಿರಬಲ್ಲುದೆಂಬ ಈ ತಿಳಿವಳಿಕೆ ಕನ್ನಡಿಗನಿಗೆ ತಾಯ ಹಾಲಿನೊಡನೆ ಬಂದುದು. ಅನುವಾದಕರು ಈ ನುಡಿಕಟ್ಟನ್ನು ಮನಸ್ಸಿನಲ್ಲಿಟ್ಟಿದ್ದರೋ ಇಲ್ಲವೋ, ‘ಜೀವ’ವೆಂಬ ಶಬ್ದವು ಮಾತ್ರ ಅವರ ಶಾಸ್ತ್ರದ ಭಾವಕ್ಕೆ ಚೆನ್ನಾಗಿ ಒಪ್ಪಿದೆ. ಏಕೆಂದರೆ ಯೋಹಾನನ ಸುವಾರ್ತೆಯಲ್ಲಿ, ಸೆರೆಯಾಗುವ ಮುನ್ನಿನ ರಾತ್ರಿಯ ಪ್ರಾರ್ಥನೆಯಲ್ಲಿ, ಯೇಸುವು ನಿತ್ಯಜೀವಕ್ಕೆ ಕೊಡುವ ಅರ್ಥವು ಇಂತಹುದೇ: ದೇವರನ್ನೂ ಆತನು ಕಳಿಸಿದವನನ್ನೂ ಅರಿಯುವುದೇ ಆ ಜೀವವು. ಈ ಅರಿವು ಪುಸ್ತಕದ ಪಾಂಡಿತ್ಯವಲ್ಲ. ತಾಯಿಯು ಮಗುವನ್ನೂ ಮಗುವು ತಾಯಿಯನ್ನೂ ಅರಿಯುವಂತಹ ಅರಿವು.

ನ್ಯಾಯದ ಹಸಿವಿನಿಂದ ಹುಟ್ಟಿದ ನಂಬಿಕೆ

ಯೇಸುವಿನ ಪೂರ್ವಿಕರಾದ ಯೆಹೂದ್ಯರಿಗೆ ಮರಣೋತ್ತರದ ಜೀವವು ಮೊದಲಿನಿಂದ ದೊಡ್ಡ ವಿಷಯವಾಗಿರಲಿಲ್ಲವೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಹಳೆಯ ಒಡಂಬಡಿಕೆಯ ಬಹುಭಾಗದಲ್ಲಿ ಸತ್ತವರು ಪಾತಾಳದ ನೆರಳಿನಲ್ಲಿ ಮಲಗುವರೆಂಬಷ್ಟೇ ಮಾತಿದೆ. ದೀರ್ಘಾಯುಷ್ಯ, ಸಂತಾನ, ಹೊಲ, ದ್ರಾಕ್ಷಾತೋಟ, ಇವೇ ದೇವರ ಆಶೀರ್ವಾದಗಳೆಂದು ಅವರು ತಿಳಿದಿದ್ದರು.

ಆದರೆ ಕ್ರಿ. ಪೂ. 2ನೆಯ ಶತಮಾನದಲ್ಲಿ ಅಂತಿಯೋಕನೆಂಬ ಅರಸನು ಅವರ ಧರ್ಮಾಚರಣೆಯನ್ನೇ ನಿಷೇಧಿಸಿ ನಿಷ್ಠಾವಂತರನ್ನು ಕೊಲ್ಲಿಸತೊಡಗಿದನು. ದೇವರ ಮಾತಿಗೆ ತಪ್ಪಿದವರು ಸುಖವಾಗಿ ಬದುಕಿದರು. ತಪ್ಪದವರು ಎಳೆಯ ವಯಸ್ಸಿನಲ್ಲಿ ಪ್ರಾಣ ಕಳೆದುಕೊಂಡರು. ಹಾಗಾದರೆ ದೇವರ ನ್ಯಾಯವೆಲ್ಲಿ? ಈ ಸಂಕಟದ ಕಾಲಕ್ಕೆ ಸೇರಿದುದೆಂದು ವಿದ್ವಾಂಸರು ಹೇಳುವ ದಾನಿಯೇಲನ ಗ್ರಂಥದ ಕೊನೆಯ ಅಧ್ಯಾಯದಲ್ಲಿ, ಮಣ್ಣಿನ ಧೂಳಿನಲ್ಲಿ ಮಲಗಿದವರು ಎಚ್ಚರಗೊಳ್ಳುವರೆಂಬ ಮಾತು ಸ್ಪಷ್ಟವಾಗಿ ಕಾಣುತ್ತದೆ. ಅಂದಮೇಲೆ ಈ ನಂಬಿಕೆಯು ಸಾಯಲೊಲ್ಲದವರ ಆಸೆಯಿಂದ ಹುಟ್ಟಿದುದಲ್ಲ. ಅನ್ಯಾಯವಾಗಿ ಸತ್ತವರಿಗೆ ನ್ಯಾಯ ದೊರೆಯಲೇಬೇಕೆಂಬ ಹಸಿವಿನಿಂದ ಹುಟ್ಟಿದುದು. ಯೇಸುವಿನ ಕಾಲದಲ್ಲಿ ಕೂಡ ಇದು ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ. ಫರಿಸಾಯರು ಪುನರುತ್ಥಾನವುಂಟೆಂದರು, ದೇವಾಲಯದ ಅಧಿಕಾರವನ್ನು ಹಿಡಿದಿದ್ದ ಸದ್ದುಕಾಯರು ಇಲ್ಲವೆಂದರು.

ಬೀಜದ ದೃಷ್ಟಾಂತ

ಇಲ್ಲಿ ಒಂದು ದೊಡ್ಡ ಭೇದವನ್ನು ಗಮನಿಸಬೇಕು. ದೇಹವು ಸೆರೆಮನೆ, ಆತ್ಮವು ಸೆರೆಯಾಳು, ಮರಣವೇ ಬಿಡುಗಡೆ ಎಂದು ಗ್ರೀಕ್ ತತ್ತ್ವಜ್ಞಾನಿಯಾದ ಪ್ಲೇಟೋ ಬೋಧಿಸಿದನು. ಕ್ರೈಸ್ತರಲ್ಲಿಯೂ ಬಹು ಜನರು ತಮ್ಮ ಮತವು ಇದನ್ನೇ ಹೇಳುತ್ತದೆಂದು ತಿಳಿದಿರುತ್ತಾರೆ. ಆದರೆ ಅವರ ಮೂಲಗ್ರಂಥಗಳು ಹೇಳುವುದು ಹಾಗಲ್ಲ. ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಆಸ್ಕರ್ ಕುಲ್‌ಮನ್ ಎಂಬ ಪಂಡಿತರು 1955ರಲ್ಲಿ ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಒಂದು ವ್ಯಾಖ್ಯಾನದಲ್ಲಿ ಈ ಭೇದವನ್ನು ಬಿಚ್ಚಿ ತೋರಿಸಿದರು. ಸಾಕ್ರೆಟಿಸನು ವಿಷದ ಬಟ್ಟಲನ್ನು ಶಾಂತನಾಗಿ ಕುಡಿದನು. ಏಕೆಂದರೆ ಮರಣವು ಅವನಿಗೆ ಗೆಳೆಯನಾಗಿದ್ದಿತು. ಯೇಸುವಾದರೋ ಗೆತ್ಸೇಮನೆಯ ತೋಟದಲ್ಲಿ ನಡುಗಿದನು, ಕಳವಳಗೊಂಡನು. ಏಕೆಂದರೆ ಮರಣವು ಆತನಿಗೆ ದೇವರ ಸೃಷ್ಟಿಯ ಶತ್ರುವಾಗಿ ಕಂಡಿತು. ಆದುದರಿಂದ ಕ್ರೈಸ್ತರ ಮೂಲಭಾವನೆಯಲ್ಲಿ ಮುಖ್ಯವಾದುದು ಆತ್ಮವು ತಾನಾಗಿಯೇ ಅಮರವೆಂಬುದಲ್ಲ. ಸತ್ತ ಮನುಷ್ಯನನ್ನು ದೇವರು ಎಬ್ಬಿಸುವನೆಂಬುದು. ಈ ವ್ಯಾಖ್ಯಾನದಿಂದ ಆಗ ದೊಡ್ಡ ವಾದವೇ ಎದ್ದಿತು. ಮರಣಕ್ಕೂ ಪುನರುತ್ಥಾನಕ್ಕೂ ನಡುವೆ ಆತ್ಮದ ಸ್ಥಿತಿಯೇನೆಂಬುದರಲ್ಲಿ ಇಂದಿಗೂ ಅವರಲ್ಲಿ ಏಕಾಭಿಪ್ರಾಯವಿಲ್ಲ. ಆದರೆ ಅವರ ಪ್ರಾಚೀನ ವಿಶ್ವಾಸಪ್ರಮಾಣಗಳು ದೇಹದ ಪುನರುತ್ಥಾನವನ್ನು ಹೇಳಿಯೇ ನಿತ್ಯಜೀವದ ಮಾತಿನಲ್ಲಿ ಮುಗಿಯುತ್ತವೆಂಬುದು ನೆನಪಿಡಬೇಕಾದ ಸಂಗತಿ.

ದೇಹವು ಮಣ್ಣಾಗಿ ಹೋದ ಮೇಲೆ ಏಳುವುದೆಂತು? ಈ ಸಂಶಯವನ್ನು ಮೊದಲು ಎತ್ತಿದವರು ನಾವಲ್ಲ. ಗ್ರೀಸಿನ ಕೊರಿಂಥ ಪಟ್ಟಣದ ಸಭೆಯವರು ಇದನ್ನೇ ಕೇಳಿದಾಗ, ಕ್ರಿ. ಶ. 55ರ ಸುಮಾರಿಗೆ ಪೌಲನು ಅವರಿಗೆ ಬರೆದ ಕಾಗದದಲ್ಲಿ ಒಕ್ಕಲಿಗನ ದೃಷ್ಟಾಂತವನ್ನು ಕೊಟ್ಟನು. ಬಿತ್ತುವವನು ಬೆಳೆದು ನಿಂತ ಪೈರನ್ನು ಬಿತ್ತುವುದಿಲ್ಲ, ಬರಿಯ ಕಾಳನ್ನು ಬಿತ್ತುತ್ತಾನೆ. ಅದಕ್ಕೆ ಎಂತಹ ಮೈಯನ್ನು ಕೊಡಬೇಕೋ ಅಂತಹದನ್ನು ದೇವರು ಕೊಡುತ್ತಾನೆ ಎಂಬುದು ಅವನ ಮಾತಿನ ತಾತ್ಪರ್ಯ.

ನವಲಗುಂದ ಅಣ್ಣಿಗೇರಿಗಳ ಎರೆಹೊಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾದ ಕಾರಣವಿಲ್ಲ. ಮುಂಗಾರಿಯೆಲ್ಲ ನೀರು ಕುಡಿದ ಕರಿಯ ನೆಲಕ್ಕೆ ಹಿಂಗಾರಿಯ ಹದವು ಬಂದೊಡನೆ ಕೂರಿಗೆಯನ್ನು ಹೂಡುತ್ತಾರೆ. ಜೋಳ, ಗೋದಿ, ಕಡಲೆ, ಕುಸುಬಿಗಳ ಕಾಳು ಕೂರಿಗೆಯ ತಾಳಿನೊಳಗಿಂದ ಇಳಿದು ಕಣ್ಮರೆಯಾಗುತ್ತದೆ. ಎರಡು ದಿವಸ ಬಿಟ್ಟು ಕೆದರಿ ನೋಡಿದರೆ ಕಾಣುವುದು ಬಾತುಕೊಂಡು ಸಿಪ್ಪೆಯೊಡೆದ ಒಂದು ವಸ್ತು. ಕೃಷಿಯನ್ನು ಅರಿಯದವನು ‘ಕಾಳು ಕೆಟ್ಟಿತು’ ಎಂದೇ ಅಂದಾನು. ಆದರೆ ಅಲ್ಲಿಂದ ಮೇಲೆದ್ದು ಬರುವ ಪೈರು ಅದೇ ಕಾಳಿನದು, ಆದರೂ ಕಾಳಿನಂತಿಲ್ಲ. ಜೋಳದಿಂದ ಕಡಲೆಯು ಹುಟ್ಟುವುದಿಲ್ಲ. ಹಾಗೆಂದು ಜೋಳದ ದಂಟನ್ನು ಕಾಳಿನೊಳಗೆ ಹುಡುಕಿದರೆ ಕಣ್ಣಿಗೆ ಸಿಗುವುದೂ ಇಲ್ಲ. ತಾನೇ ಆಗಿರುವುದು, ಆದರೂ ಬೇರೆಯಾಗಿ ಏಳುವುದು, ಇವೆರಡೂ ಕೂಡಿದುದೇ ಪುನರುತ್ಥಾನವೆಂದು ಕ್ರೈಸ್ತರು ಹೇಳುತ್ತಾರೆ. ಯೇಸುವು ಮರಣದ ಮೂರನೆಯ ದಿವಸ ಎದ್ದನೆಂಬ ನಂಬಿಕೆಯೇ ಅವರಿಗೆ ಈ ಬೆಳೆಯ ಮೊದಲ ತೆನೆ. ಆ ಒಂದು ತೆನೆಯನ್ನು ಕಂಡು ಉಳಿದ ಹೊಲದ ಭರವಸೆಯನ್ನು ಇಟ್ಟುಕೊಂಡಿದ್ದಾರೆ.

ಆದುದರಿಂದಲೇ ಅವರಲ್ಲಿ ಹಿಂದಿನಿಂದ ಹೂಳುವ ಪದ್ಧತಿ. ತಲೆಯನ್ನು ಪಶ್ಚಿಮಕ್ಕಿಟ್ಟು, ಉದಯಿಸುವ ಸೂರ್ಯನ ಕಡೆಗೆ ಮುಖವಾಗುವಂತೆ ಮಲಗಿಸುವುದು ಅವರಲ್ಲಿ ಬಹುಕಾಲದ ಸಂಪ್ರದಾಯ. ಎಚ್ಚರವಾಗುವ ಬೆಳಗಿನ ಕಡೆಗೆ ಮುಖ ಮಾಡಿ ಮಲಗಿದ್ದಾರೆಂಬುದು ಅದರ ಭಾವ.

ಇಂದೇ ಆರಂಭವಾಗುವ ಜೀವ

ಇಷ್ಟನ್ನೇ ಹೇಳಿ ಬಿಟ್ಟರೆ ನಿತ್ಯಜೀವವು ಸತ್ತ ಮೇಲಿನ ಮಾತೆಂದು ತೋರಬಹುದು. ಆದರೆ ಯೋಹಾನನ ಸುವಾರ್ತೆಯೊಂದರಲ್ಲಿಯೇ 17 ಸಲ ಬರುವ ಈ ಮಾತು ಹೆಚ್ಚಾಗಿ ವರ್ತಮಾನಕಾಲದಲ್ಲಿದೆ. ನಂಬಿದವನು ಮುಂದೆ ಎಂದೋ ಪಡೆಯುವನೆಂದಲ್ಲ, ಈಗಲೇ ಪಡೆದಿರುವನು, ಮರಣವನ್ನು ದಾಟಿ ಜೀವದೊಳಗೆ ಬಂದಿರುವನು ಎಂಬ ಅರ್ಥದಲ್ಲಿ ಅದು ಹೇಳುತ್ತದೆ. ಬರಲಿರುವ ಯುಗದ ಜೀವವು ಈ ಯುಗದೊಳಗೇ ಮೊಳಕೆಯೊಡೆದಿದೆಯೆಂಬುದು ಅವರ ವಿಶೇಷ ಸಿದ್ಧಾಂತ.

ಹಾಗಾದರೆ ಅದನ್ನು ಪಡೆಯುವ ಮಾರ್ಗವೇನು? ಈ ಪ್ರಶ್ನೆಯನ್ನು ಯೇಸುವಿಗೆ ನೇರವಾಗಿ ಕೇಳಿದವರು ಇಬ್ಬರು ಸುವಾರ್ತೆಗಳಲ್ಲಿ ಕಾಣುತ್ತಾರೆ. ಒಬ್ಬನು ಬಹು ಆಸ್ತಿಯುಳ್ಳ ಧನಿಕ. ಇದ್ದುದನ್ನು ಮಾರಿ ಬಡವರಿಗೆ ಕೊಟ್ಟು ತನ್ನ ಹಿಂದೆ ಬರಬೇಕೆಂದು ಅವನಿಗೆ ಉತ್ತರ ಸಿಕ್ಕಿತು. ಅವನು ಮೋರೆ ಸಣ್ಣದು ಮಾಡಿಕೊಂಡು ಹೊರಟುಹೋದನು. ಇನ್ನೊಬ್ಬನು ಧರ್ಮಶಾಸ್ತ್ರಿ. ಅವನಿಗೆ ದೊರೆತ ಉತ್ತರವು ಒಂದು ಕಥೆ. ದಾರಿಯಲ್ಲಿ ಕಳ್ಳರಿಂದ ಬಡಿಸಿಕೊಂಡು ಅರೆಜೀವವಾಗಿ ಬಿದ್ದಿದ್ದ ಒಬ್ಬನನ್ನು ಯಾಜಕನೊಬ್ಬನು ನೋಡಿ ಓರೆಯಾಗಿ ಹೋದನು, ದೇವಾಲಯದ ಸೇವಕನೊಬ್ಬನೂ ಹಾಗೆಯೇ ಹೋದನು. ಯೆಹೂದ್ಯರು ಹೊಲೆಯೆಂದು ದೂರವಿಡುತ್ತಿದ್ದ ಸಮಾರ್ಯದವನೊಬ್ಬನು ಮಾತ್ರ ನಿಂತು, ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿ, ತನ್ನ ಪಶುವಿನ ಮೇಲೆ ಕೂಡಿಸಿಕೊಂಡು ಛತ್ರಕ್ಕೆ ಒಯ್ದು, ಖರ್ಚಿಗೂ ಕೊಟ್ಟನು. ಕೇಳಿದ್ದು ಪರಲೋಕದ ಪ್ರಶ್ನೆ; ಸಿಕ್ಕಿದ್ದು ದಾರಿಯಲ್ಲಿ ಬಿದ್ದವನ ಗಾಯದ ಉತ್ತರ! ಕಂಪೌಂಡರರ ಮನೆಯ ಬಾಗಿಲು ಮಧ್ಯರಾತ್ರಿಯಲ್ಲಿ ಏಕೆ ತೆರೆಯುತ್ತಿದ್ದಿತೆಂಬುದು ಈ ಕಥೆಯನ್ನು ಓದಿದಾಗ ನನಗೆ ಸ್ವಲ್ಪ ಅರ್ಥವಾಯಿತು.

ಆದರೆ ಒಳ್ಳೆಯ ಕೆಲಸಗಳನ್ನು ಕೂಡಿಹಾಕಿ ನಿತ್ಯಜೀವವನ್ನು ಕೊಂಡುಕೊಳ್ಳಬಹುದೆಂದು ಕ್ರೈಸ್ತರು ಹೇಳುವುದಿಲ್ಲ. ಅದು ದೇವರ ಕೃಪೆಯಿಂದ ದೊರೆಯುವ ದಾನ. ಸತ್ಕಾರ್ಯವು ಆ ದಾನವನ್ನು ಪಡೆದವನಲ್ಲಿ ಬೆಳೆಯುವ ಫಲ. ಕೃಪೆಗೂ ಕಾರ್ಯಕ್ಕೂ ಇರುವ ಸಂಬಂಧದ ಬಗ್ಗೆ 16ನೆಯ ಶತಮಾನದಲ್ಲಿ ಯುರೋಪಿನ ಸಭೆಯೇ ಒಡೆದುಹೋಯಿತೆಂಬುದು ಇತಿಹಾಸಪ್ರಸಿದ್ಧ. ರೋಮನ್ ಕಥೋಲಿಕರು ಮರಣಾನಂತರದ ಶುದ್ಧೀಕರಣದ ಸ್ಥಿತಿಯನ್ನು ನಂಬಿ ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ. ಪ್ರೊಟೆಸ್ಟಂಟರು ಆ ಸ್ಥಿತಿಯನ್ನು ಒಪ್ಪುವುದಿಲ್ಲ. ದುಷ್ಟರಿಗೆ ಕೊನೆಯಿಲ್ಲದ ದಂಡನೆಯೇ, ನಾಶವೇ, ಅಥವಾ ದೇವರ ಪ್ರೀತಿಯು ಕಟ್ಟಕಡೆಗೆ ಎಲ್ಲರನ್ನೂ ಗೆಲ್ಲುವುದೇ ಎಂಬ ವಾದವೂ ಅವರಲ್ಲಿ ಬಹು ಪ್ರಾಚೀನವಾದುದು. ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ ಇದ್ದು, ಸರಳ ಮನಸ್ಸಿನಿಂದ ದೇವರನ್ನು ಅರಸಿ ಅಂತಃಸಾಕ್ಷಿಯಂತೆ ನಡೆದವರೂ ರಕ್ಷಣೆಯನ್ನು ಪಡೆಯಬಲ್ಲರೆಂದು ಕಥೋಲಿಕ ಸಭೆಯು ತನ್ನ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 1964ರಲ್ಲಿ, ಸಾರಿತು. ಬೇರೆ ಪಂಗಡದವರಲ್ಲಿ ಕೆಲವರು ಇದನ್ನು ಒಪ್ಪುವರು, ಕೆಲವರು ಒಪ್ಪರು.

ನಮ್ಮ ನೆಲದ ಮಾತುಗಳ ನಡುವೆ

ಇದೆಲ್ಲವನ್ನು ಓದುವಾಗ ನಮ್ಮ ಸೀಮೆಯ ಹಿರಿಯರು ಬಿಟ್ಟುಹೋದ ಮಾತುಗಳು ನೆನಪಿಗೆ ಬಾರದೆ ಇರವು. ಅಣ್ಣಿಗೇರಿಯಲ್ಲಿ 11ನೆಯ ಶತಮಾನದ ಚಾಲುಕ್ಯರ ಕಾಲದ ಗುಡಿಯಲ್ಲಿ ನೆಲೆಸಿದ ದೇವನ ಹೆಸರೇ ಅಮೃತೇಶ್ವರ; ಸಾವಿಲ್ಲದುದರ ಒಡೆಯ. ಶರಣರು ದೇಹವನ್ನು ತುಚ್ಛವೆನ್ನದೆ ಅದನ್ನೇ ದೇಗುಲವೆಂದರು, ಕಾಯಕದಲ್ಲಿಯೇ ಕೈಲಾಸವನ್ನು ಕಂಡರು. ಲಿಂಗಾಯತರಲ್ಲಿಯೂ ಸುಡುವ ಪದ್ಧತಿಯಿಲ್ಲ. ಕುಳ್ಳಿರಿಸಿ, ಕೈಯಲ್ಲಿ ಇಷ್ಟಲಿಂಗವನ್ನಿರಿಸಿ ಸಮಾಧಿ ಮಾಡುತ್ತಾರೆ. ಸತ್ತನೆನ್ನದೆ ಲಿಂಗೈಕ್ಯನಾದನೆನ್ನುತ್ತಾರೆ.

ಸಾಮ್ಯವಿರುವಂತೆ ಭೇದವೂ ಇದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತನವಲ್ಲ. ಬಿಂದುವು ಸಿಂಧುವಿನಲ್ಲಿ ಕೂಡಿದಂತೆ ಎರಡೆಂಬುದು ಅಳಿದು ಒಂದಾಗುವುದು ಐಕ್ಯದ ಭಾವ. ಹುಟ್ಟು ಸಾವುಗಳ ಚಕ್ರದಿಂದ ಬಿಡುಗಡೆಯಾಗುವುದು ಮೋಕ್ಷದ ಭಾವ. ಕ್ರೈಸ್ತರಾದರೋ ಪುನರ್ಜನ್ಮವನ್ನು ಒಪ್ಪುವುದಿಲ್ಲ. ಇರುವುದು ಒಂದೇ ಜನ್ಮ. ಅವರ ನಿತ್ಯಜೀವದಲ್ಲಿ ಭಕ್ತನು ದೇವರಲ್ಲಿ ಕರಗಿ ಇಲ್ಲವಾಗುವುದಿಲ್ಲ. ಹೆಸರು ಹಿಡಿದು ಕರೆದರೆ ಓಗೊಡುವಂತೆ ತಾನು ತಾನಾಗಿಯೇ ಉಳಿಯುತ್ತಾನೆ. ಅದು ಒಬ್ಬೊಬ್ಬರ ಏಕಾಂತದ ಮುಕ್ತಿಯೂ ಅಲ್ಲ. ಯೇಸುವು ಅದನ್ನು ಮೇಲಿಂದ ಮೇಲೆ ಹೋಲಿಸಿದುದು ಊಟದ ಪಂಕ್ತಿಗೆ, ಮದುವೆಯ ಮನೆಗೆ.

ಈ ಮಾತುಗಳು ಒಂದರೊಡನೊಂದು ನಮ್ಮ ಸೀಮೆಯಲ್ಲಿ ಮಾತಾಡಿಕೊಂಡೇ ಬಂದಿವೆ. 19ನೆಯ ಶತಮಾನದಲ್ಲಿ ನವಲಗುಂದದಲ್ಲಿದ್ದ ನಾಗಲಿಂಗಸ್ವಾಮಿಗಳು ಶಿಶುನಾಳ ಶರೀಫಸಾಹೇಬರ ಒಡನಾಡಿಗಳು. ಅವರ ಮಠದಲ್ಲಿ ಹಳೆಯ ಕನ್ನಡ ಬೈಬಲ್ಲೊಂದನ್ನು ಕಾಪಾಡಿಕೊಂಡು ಬಂದಿದ್ದಾರೆ. ಸ್ವಾಮಿಗಳು ಆ ಗ್ರಂಥಕ್ಕೆ ಒಂದು ರಂಧ್ರವನ್ನು ಕೊರೆದು, ಇದು ತಾನಾಗಿಯೇ ಮುಚ್ಚಿಕೊಂಡ ದಿವಸ ಲೋಕದ ಮತಗಳೆಲ್ಲ ಒಂದಾಗುವುವೆಂದು ನುಡಿದರೆಂದು ಜನರು ಹೇಳುತ್ತಾರೆ. ರಂಧ್ರವು ಮೆಲ್ಲಮೆಲ್ಲನೆ ಮುಚ್ಚುತ್ತಿದೆಯೆಂದು ನಂಬುವವರೂ ಉಂಟು. ಆ ಕಥೆಯನ್ನು ಯಾರು ಹೇಗೆ ತಿಳಿದುಕೊಂಡರೂ, ಅನ್ಯರ ಗ್ರಂಥವನ್ನು ತನ್ನ ಮಠದಲ್ಲಿ ಜೋಪಾನವಾಗಿಟ್ಟ ಸೀಮೆ ನಮ್ಮದೆಂಬುದು ಮರೆಯತಕ್ಕ ಮಾತಲ್ಲ. ಆಚೆಯ ಕಡೆಯಿಂದಲೂ ಒಬ್ಬರು ಕೈ ನೀಡಿದರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಷನ್ನಿನ ಸಭಾಪಾಲಕರಾದ ಉತ್ತಂಗಿ ಚನ್ನಪ್ಪನವರು ಹಳ್ಳಿ ಹಳ್ಳಿ ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಶರಣಸಾಹಿತ್ಯಕ್ಕೆ ತಮ್ಮ ಆಯುಷ್ಯವನ್ನು ಸವೆಸಿದರು. 1949ರಲ್ಲಿ ಕಲಬುರ್ಗಿಯಲ್ಲಿ ನೆರೆದ ಸಾಹಿತ್ಯ ಸಮ್ಮೇಲನವು ಅವರನ್ನು ಅಧ್ಯಕ್ಷಪೀಠದಲ್ಲಿ ಕೂಡಿಸಿ ಗೌರವಿಸಿತು. ಅವರು ತಮ್ಮ ನಂಬಿಕೆಯನ್ನು ಬಿಡಲಿಲ್ಲ. ನೆರೆಯವರ ನಂಬಿಕೆಯನ್ನು ಓದದೆಯೂ ಬಿಡಲಿಲ್ಲ.

ಹಾಗಾದರೆ ಅಳುವುದೇಕೆ?

ಒಕ್ಕಲಿಗರ ಮೊದಲನೆಯ ಪ್ರಶ್ನೆಗೆ ಉತ್ತರವು ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿದೆ. ಬೇಥಾನ್ಯವೆಂಬ ಹಳ್ಳಿಯಲ್ಲಿ ಯೇಸುವಿನ ಗೆಳೆಯನಾದ ಲಾಜರನು ತೀರಿಕೊಂಡನು. ನಾಲ್ಕು ದಿವಸಗಳ ಮೇಲೆ ಯೇಸುವು ಬಂದಾಗ ಅವನ ಅಕ್ಕತಂಗಿಯರಾದ ಮಾರ್ಥಳೂ ಮರಿಯಳೂ, ನೀನು ಮೊದಲೇ ಬಂದಿದ್ದರೆ ತಮ್ಮನು ಸಾಯುತ್ತಿರಲಿಲ್ಲವೆಂದು ಆಕ್ಷೇಪಿಸಿದರು. ಆತನು ಅವರನ್ನು ಗದರಿಸಲಿಲ್ಲ. ನಂಬಿಕೆ ಸಾಲದೆಂದು ಬೋಧಿಸಲಿಲ್ಲ. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸಲಿದ್ದವನು ಆ ಸಮಾಧಿಯ ಕಡೆಗೆ ಹೋಗುವಾಗ ತಾನೇ ಕಣ್ಣೀರಿಟ್ಟನು!

ಅಂದಮೇಲೆ ಅಳುವುದು ಅಪನಂಬಿಕೆಯ ಗುರುತಲ್ಲ. ಮರಣವು ಮಿಥ್ಯೆಯೆಂದು ಕ್ರೈಸ್ತರು ಹೇಳುವುದಿಲ್ಲ. ಮರಣಕ್ಕೆ ಕೊನೆಯ ಮಾತಿಲ್ಲವೆಂದು ಹೇಳುತ್ತಾರೆ. ಪ್ರೀತಿಯಿದ್ದಲ್ಲಿ ಅಗಲಿಕೆಯ ನೋವು ಇದ್ದೇ ಇರುವುದು. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿರೆಂದು ಪೌಲನು ಬರೆದನಲ್ಲದೆ ದುಃಖಿಸಲೇಬೇಡಿರೆಂದು ಬರೆಯಲಿಲ್ಲ. ಆ ತಾಯಿಯು ಅತ್ತುದು ತನ್ನ 50 ವರ್ಷಗಳ ಒಡನಾಟಕ್ಕಾಗಿ. ಅತ್ತ ಮೇಲೆ ತಾನೇ ಒಂದು ಹಿಡಿ ಮಣ್ಣನ್ನು ಹಾಕಿದುದು ತನ್ನ ನಿರೀಕ್ಷೆಯಿಂದ.

ಹಿಂಗಾರಿಯ ಬಿತ್ತಿಗೆಯ ಕಾಲಕ್ಕೆ ನಾನು ಮತ್ತೆ ಆ ಊರಿಗೆ ಹೋದೆನು. ಆ ಹಿರಿಯರು ಹೊಲದಲ್ಲಿದ್ದರು. ಕೂರಿಗೆಯನ್ನು ಬಿಟ್ಟು ಬಂದು ಬದುವಿನ ಮೇಲೆ ಕುಳಿತು, ನಾನು ಮೇಲೆ ಬರೆದುದನ್ನೆಲ್ಲ ಅವರ ಮಾತಿನಲ್ಲಿ ಹೇಳುತ್ತಿರಲು ತಾಳ್ಮೆಯಿಂದ ಕೇಳಿದರು. “ಕ್ರೈಸ್ತರು ಹೇಳೂದು ಇದು ಅಜ್ಜಾರ. ನೀವು ನಂಬಬೇಕಂತ ನಾ ಹೇಳಂಗಿಲ್ಲ. ಹುಡುಗನ ಸಲುವಾಗಿ ನೀವು ಅತ್ತಿದ್ದು ಮಾತ್ರ ತಪ್ಪಲ್ಲ” ಎಂದೆನು.

ಅವರು ಬಹಳ ಹೊತ್ತು ಹೊಲದ ಕಡೆಗೆ ನೋಡುತ್ತ ಕುಳಿತಿದ್ದರು. ಆಮೇಲೆ ಎದ್ದು ಧೋತರದ ಮಣ್ಣನ್ನು ಝಾಡಿಸಿಕೊಳ್ಳುತ್ತ ಅಂದರು: “ಬಿತ್ತಿದಾಂವ ಕೆದರಿ ನೋಡಬಾರದ್ರಿ ಮಾಸ್ತರ್ರ. ಆದರ ದಿನಾ ಹೊಲಕ್ಕ ಬರಬೇಕು.”

ಅಂದು ಸಾಯಂಕಾಲ ಅವರು ನನ್ನನ್ನು ಕರೆದುಕೊಂಡು ಕಂಪೌಂಡರರ ಮನೆಗೆ ಹೋದರು. ಆ ತಾಯಿಯು ಒಬ್ಬಳೇ ಇದ್ದಳು. ಹಿರಿಯರು ತಮ್ಮ ಹೊಲದ ಒಂದು ಚೀಲ ಹೆಸರನ್ನು ಪಡಸಾಲೆಯಲ್ಲಿ ಇಳಿಸಿ, “ತಂಗೀ, ಹುಡುಗಗ ಜ್ವರಾ ಬಂದಾಗ ಮೂರ ರಾತ್ರಿ ನಿನ್ನ ಗಂಡ ನಮ್ಮನ್ಯಾಗ ಕುಂತಿದ್ದ” ಎಂದಷ್ಟೇ ಹೇಳಿದರು. ಆಕೆಯು ಒಳಗೆ ಹೋಗಿ ಚಹದ ನೀರನ್ನು ಒಲೆಯ ಮೇಲಿಟ್ಟಳು.

ವಾಚಕರೇ, ಬರಲಿರುವ ಯುಗದ ವಿಷಯದಲ್ಲಿ ನಿಮ್ಮ ನಮ್ಮ ನಂಬಿಕೆಗಳು ಬೇರೆ ಬೇರೆಯಾಗಿರಬಹುದು. ಆದರೆ ದುಃಖವಿರುವ ಮನೆಯ ಬಾಗಿಲಿಗೆ ಹೋಗುವ ದಾರಿಯು ನಮ್ಮೆಲ್ಲರಿಗೂ ಒಂದೇ. ಮಣ್ಣಿಗೆ ಹೋಗಿ ಬಂದರೆ ಋಣವು ತೀರಿತೆಂದು ನಾನು ಮೊದಲು ಬರೆದೆನಷ್ಟೆ. ತೀರುವುದಿಲ್ಲ; ಅಲ್ಲಿಂದ ಮುಂದೆಯೇ ಅದು ಆರಂಭವಾಗುತ್ತದೆ.